ಅಂಗಳದಲ್ಲಿ ನಿಂತವಳ ದನಿ

"ಗುರುಗಳೇ, ಒಬ್ಬರು ಮಾತಾಡುವ ರೀತಿಯಿಂದಲೇ ಅವರ ಗುಣ, ಅಂತಸ್ತು ಎರಡೂ ತಿಳಿಯುವುದಿಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಬಾಗಿಲು ಕಾಯುವುದು ಅವನ ಕೆಲಸ. "ನಿಮ್ಮನ್ನು ನೋಡಬೇಕೆಂದು ಬೆಳಿಗ್ಗೆಯಿಂದ ಒಬ್ಬಳು ಹೊರಗೆ ಕೂತಿದ್ದಾಳೆ. ಕೈ ಮುಗಿಯುವುದಿಲ್ಲ, ಸ್ವಾಮಿ ಎನ್ನುವುದಿಲ್ಲ. ಬಾಯಿ ಬಿಟ್ಟರೆ ಅರಚಾಟ. ಎರಡು ಮಾತಿಗೇ ಎಂಥವಳೆಂದು ಗೊತ್ತಾಯಿತು. ಒಳಗೆ ಬಿಡಲಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನ್ಯಾಯಾಧಿಕಾರಿ ಇದ್ದ. ಅವನು ಪರದೆಯ ಹಿಂದೆ ಕೂತು ನ್ಯಾಯ ಹೇಳುತ್ತಿದ್ದ. ಅದಕ್ಕೆ ಕಾರಣವಿತ್ತು. ಬಂದವರ ಒಡವೆಯನ್ನೋ ಹರಕು ಬಟ್ಟೆಯನ್ನೋ ಕಂಡರೆ ತನ್ನ ಮನಸ್ಸು ಒಂದು ಕಡೆಗೆ ವಾಲಬಹುದೆಂಬ ಭಯ ಅವನಿಗೆ. ಭಯವೇನೋ ಒಳ್ಳೆಯದೇ. ಬರೀ ದನಿ ಕೇಳಿದರೆ ಎಲ್ಲರೂ ಸಮ ಎಂದು ಅವನು ನಂಬಿದ್ದ.

ಆ ಊರಿನ ಆಚೆ, ಬೀಳು ನೆಲದಲ್ಲಿ, ಸುಣ್ಣ ಸುಡುವ ಒಬ್ಬ ಹೆಂಗಸು ಇದ್ದಳು. ಕಲ್ಲು ಸುಡುವ ಗೂಡಿನ ಪಕ್ಕದಲ್ಲಿ ಅವಳೂ ಅವಳ ಗಂಡನೂ ಸೇರಿ ಒಂದು ಬಾವಿ ತೋಡಿದ್ದರು. ಗಂಡ ತೀರಿಕೊಂಡಿದ್ದ. ಸುಟ್ಟ ಕಲ್ಲಿಗೆ ನೀರು ಹಾಕಿದರೆ ತಾನೇ ಅದು ಅರಳಿ ಸುಣ್ಣವಾಗುವುದು. ಹಾಗಾಗಿ ಬಾವಿ ಹೋದರೆ ಅವಳ ಅನ್ನವೂ ಹೋದಂತೆ. ಪಕ್ಕದ ತೋಟದ ವರ್ತಕನೊಬ್ಬ ಆ ಬಾವಿಯ ಸುತ್ತ ಬೇಲಿ ಹಾಕಿಸಿದ. ಅವಳು ದೂರು ಕೊಟ್ಟಳು.

ವಿಚಾರಣೆಯ ದಿನ ಆಳುಗಳು ವರ್ತಕನಿಗೆ ಪರದೆಯ ಪಕ್ಕದಲ್ಲೇ ಮಣೆ ಹಾಕಿದರು. ಅವಳನ್ನು ಅಂಗಳದ ಕೊನೆಯಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ. ಎಂದಿನಿಂದಲೂ ಹಾಗೆಯೇ ನಡೆದುಕೊಂಡು ಬಂದಿತ್ತು.

ವರ್ತಕ ಮೆಲ್ಲಗೆ ಹೇಳಿದ: "ಮಹಾಸ್ವಾಮಿ, ಆ ಬಾವಿ ನಮ್ಮ ಅಜ್ಜನವರು ತೋಡಿಸಿದ್ದು. ಪಾಪ, ಆಕೆಯೂ ಬಡವಿ. ನೀರು ಕೊಡುವುದಿಲ್ಲ ಎನ್ನಲು ನನಗೇನು ಸಂತೋಷವೇ?"

ಅಂಗಳದಿಂದ ಅವಳು ಕೂಗಿದಳು: "ಸುಳ್ಳು ಬೊಗಳ್ತಾನೆ. ತೋಡಿದ್ದು ನಾನು, ನನ್ನ ಗಂಡ. ಇವನಜ್ಜ ಒಂದು ಬುಟ್ಟಿ ಮಣ್ಣು ಹೊತ್ತಿದ್ನಾ ಕೇಳಿ."

ನ್ಯಾಯಾಧಿಕಾರಿ ಹೆಚ್ಚು ಯೋಚಿಸಲಿಲ್ಲ. "ಒಂದು ದನಿ ಸಜ್ಜನನದು, ಇನ್ನೊಂದು ಜಗಳಗಂಟಿಯದು. ಸತ್ಯಕ್ಕೆ ಕೂಗಾಡುವ ಅಗತ್ಯವಿಲ್ಲ. ಬಾವಿ ವರ್ತಕನಿಗೆ ಸೇರಿದ್ದು" ಎಂದ.

ಅವಳು ಮನೆಗೆ ಹೋಗಿ ಅಳಬಹುದಿತ್ತು. ಸೋತವರು ಹಾಗೆಯೇ ಮಾಡುತ್ತಿದ್ದರು. ಅವಳು ಚಾವಡಿಯ ಮೆಟ್ಟಿಲು ಹತ್ತಿದಳು.

"ಏನೇ, ಎಷ್ಟು ಸೊಕ್ಕು ನಿನಗೆ?" ಎಂದು ಆಳೊಬ್ಬ ಕೈ ಅಡ್ಡ ಹಿಡಿದ.

"ಇದ್ದದ್ದೇ ಇಷ್ಟು. ಇನ್ನೂ ಸ್ವಲ್ಪ ಬೇಕಿತ್ತು" ಎಂದು ಅವನ ಕೈಯನ್ನು ತಳ್ಳಿ ಒಳಗೆ ಬಂದಳು. ಸುಣ್ಣ ಮೆತ್ತಿದ ಕೈಯಿಂದಲೇ ಪರದೆಯನ್ನು ಹಿಡಿದು ಎಳೆದಳು. ಪರದೆ ಕಳಚಿ ನೆಲಕ್ಕೆ ಬಿತ್ತು.

ಈಗ ಅವಳ ದನಿ ತಗ್ಗಿತ್ತು. ಹತ್ತಿರ ಇದ್ದವರೊಡನೆ ಯಾರು ತಾನೇ ಕೂಗಿ ಮಾತಾಡುತ್ತಾರೆ?

"ಈಗ ಕೂಗ್ತಿದೀನಾ ಸ್ವಾಮಿ? ಗಂಟಲು ನಂದು, ದೂರ ನಿಮ್ದು. ಇವನನ್ನ ನಾನು ನಿಂತಿದ್ದ ಜಾಗಕ್ಕೆ ಕಳಿಸಿ. ಅಲ್ಲಿಂದ ಇದೇ ಮಾತು ಹೇಳಲಿ. ಆಮೇಲೆ ಬಾವಿ ಯಾರಿಗೆ ಬೇಕೋ ಕೊಡಿ."

ನ್ಯಾಯಾಧಿಕಾರಿ ಮೊದಲ ಬಾರಿಗೆ ತನ್ನ ಅಂಗಳವನ್ನು ನೋಡಿದ. ಅದು ಅಷ್ಟು ಉದ್ದವಿದೆಯೆಂದು ಅವನಿಗೆ ತಿಳಿದೇ ಇರಲಿಲ್ಲ. ವರ್ತಕನನ್ನು ಅಲ್ಲಿಗೆ ಕಳಿಸಿದ.

ಬಿಸಿಲಿನಲ್ಲಿ ನಿಂತು ವರ್ತಕ "ಮಹಾಸ್ವಾಮಿ" ಎಂದು ಶುರುಮಾಡಿದ.

"ಕೇಳಿಸುತ್ತಿಲ್ಲ" ಎಂದ ನ್ಯಾಯಾಧಿಕಾರಿ.

ವರ್ತಕ ದನಿ ಏರಿಸಿದ. ಆಗಲೂ ಕೇಳಿಸಲಿಲ್ಲ. ಮೃದುವಾದ ಮಾತು ಅಷ್ಟು ದೂರ ಬರುವುದಿಲ್ಲ. ಅವನ ಮಾತಿನಿಂದ ಮೊದಲು 'ಮಹಾಸ್ವಾಮಿ' ಹೋಯಿತು, ಆಮೇಲೆ 'ಪಾಪ' ಹೋಯಿತು, ಕೊನೆಗೆ 'ಅಜ್ಜನವರೂ' ಹೋದರು. ಬೆವರು ಒರೆಸಿಕೊಂಡು ಅವನು ಗಂಟಲು ಹರಿಯುವಂತೆ ಕೂಗಿದ: "ಅವಳು ತೋಡಿದ ಮಾತ್ರಕ್ಕೆ ಬಾವಿ ಅವಳದಾಗಿಬಿಡುತ್ತದೇನಯ್ಯಾ?"

ಅದು ಎಲ್ಲರಿಗೂ ಕೇಳಿಸಿತು.

ಅಂದೇ ಬೇಲಿ ಕಿತ್ತರು. ಪರದೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಕ್ಕ. "ಎಂಥ ದಡ್ಡ ಆ ನ್ಯಾಯಾಧಿಕಾರಿ" ಎಂದ.

"ಹೊರಗೆ ಕೂತವಳು ಹೇಗೆ ಮಾತಾಡಿದಳೆಂದು ಹೇಳಿದೆಯಲ್ಲ, ಏನು ಹೇಳಿದಳು?" ಎಂದು ಗುರುಗಳು ಕೇಳಿದರು.

ಶಿಷ್ಯ ಎದ್ದು, ಅದನ್ನು ಕೇಳಿಕೊಂಡು ಬರಲು ಬಾಗಿಲ ಕಡೆಗೆ ನಡೆದ.