ಮುಂದೆ ಬಿದ್ದ ಚೆಂಡು

"ಗುರುಗಳೇ, ನನಗೆ ಅರವತ್ತೇಳು ತುಂಬಿತು. ಹತ್ತು ವರ್ಷದ ಹಿಂದೆ ಇನ್ನೂರು ಗಜ ಹೋಗುತ್ತಿದ್ದ ಚೆಂಡು ಈಗ ನೂರೈವತ್ತಕ್ಕೇ ಸೋತು ಬೀಳುತ್ತದೆ. ಈ ವಯಸ್ಸಿನಲ್ಲಿ ಅದನ್ನು ದೂರ ಹೊಡೆಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಗಾಲ್ಫ್ ಮೈದಾನದಲ್ಲಿ ಐವತ್ತು ವರ್ಷ ಆಟ ಕಲಿಸಿದವರು. ಸಿಡುಕಿನ ಮನುಷ್ಯ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟವರಲ್ಲ.

"ದೂರ ಹೊಡೆಯುವುದೇನು ಬ್ರಹ್ಮವಿದ್ಯೆಯೇ? ಹೇಳಿಕೊಡಬಹುದು. ಮೊದಲು ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ" ಎಂದರು.

ಒಬ್ಬ ವ್ಯಾಪಾರಿಯಿದ್ದ. ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಪ್ರಾಯದಲ್ಲಿ ಬಲವಾಗಿ ಹೊಡೆದವನೇ. ಆದರೆ ವಯಸ್ಸು ಯಾರ ಮಾತು ಕೇಳುತ್ತದೆ? ಅವನ ಚೆಂಡೂ ವರ್ಷಕ್ಕಿಷ್ಟು ಎಂದು ಹಿಂದೆ ಬೀಳತೊಡಗಿತು. ವಯಸ್ಸಾದವರು ಹೊಡೆಯಲಿ ಎಂದು ಸ್ವಲ್ಪ ಮುಂದೆ ಬೇರೆ ಗುರುತು ಹಾಕಿದ್ದರು. ಅಲ್ಲಿಂದ ಆಡಿ ಎಂದರೆ, "ನನ್ನನ್ನೇನು ಮುದುಕ ಅಂದುಕೊಂಡಿರಾ?" ಎಂದು ಉರಿದುಬೀಳುತ್ತಿದ್ದ. ಅರವತ್ತಕ್ಕೆ ಅರಳು ಮರಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವನಿಗೊಬ್ಬ ಆಗೆವಾಲನಿದ್ದ. ಆಗೆವಾಲನೆಂದರೆ ಮುಂದೆ ಹೋಗಿ ನಿಂತು, ಚೆಂಡು ಎಲ್ಲಿ ಬಿತ್ತೆಂದು ನೋಡಿ ತೋರಿಸುವವನು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಆ ಇಪ್ಪತ್ತು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತು ಇಷ್ಟೇ.

"ಎಲ್ಲಿ ಬಿತ್ತೋ?"

"ಇಲ್ಲಿದೆ ಧಣಿ."

ಆಗೆವಾಲನಿಗೂ ವಯಸ್ಸಾಯಿತು. ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿಕೊಂಡರೆ ಒಂದು ತಿಂಗಳು ಬಿಸಿಲಿಗೆ ಬರುವಂತಿಲ್ಲ. ಒಂದು ತಿಂಗಳು ಬರದಿದ್ದರೆ ಆ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ. ಅವನು ಯಾರಿಗೂ ಹೇಳಲಿಲ್ಲ.

ಒಂದು ದಿನ ಚೆಂಡು ಸಿಗಲಿಲ್ಲ. ಇನ್ನೊಂದು ದಿನವೂ ಸಿಗಲಿಲ್ಲ. ವ್ಯಾಪಾರಿ ಎಲ್ಲರೆದುರು ಕೂಗಾಡಿದ. ಇನ್ನೊಂದು ಸಲ ಚೆಂಡು ಕಳೆದರೆ ಮೈದಾನದ ಕಡೆ ತಲೆ ಹಾಕಬೇಡ ಎಂದು ಆಗೆವಾಲರ ಮೇಸ್ತ್ರಿಯೂ ಗದರಿಸಿದ. ಹೊಟ್ಟೆಪಾಡು ಮನುಷ್ಯನಿಗೆ ಏನೇನೋ ಕಲಿಸುತ್ತದೆ. ವ್ಯಾಪಾರಿ ತನ್ನ ಚೆಂಡಿನ ಮೇಲೆ ನೀಲಿ ಚುಕ್ಕೆ ಇಡುತ್ತಿದ್ದ. ಹಿಂದೆ ಕಳೆದ ಅಂಥ ಚೆಂಡುಗಳನ್ನು ಆಗೆವಾಲ ಹುಲ್ಲಿನಲ್ಲಿ ಕಾಲಾಡಿಸಿ ಹುಡುಕಿ ಜೇಬಿಗೆ ಹಾಕಿಕೊಂಡ. ಅಲ್ಲಿಂದಾಚೆಗೆ ವ್ಯಾಪಾರಿ ಹೊಡೆದ ಮೇಲೆ ಜೇಬಿನದೊಂದನ್ನು ಮೆಲ್ಲಗೆ ಕೆಳಗೆ ಬಿಡುತ್ತಿದ್ದ.

ಎಲ್ಲಿ ಬಿಡುತ್ತಿದ್ದ ಗೊತ್ತೇ? ಇನ್ನೂರು ಗಜದಲ್ಲಿ. ಚೆಂಡು ಹಿಂದೆ ಬಿತ್ತೆಂದರೆ ಧಣಿ ನೂರು ಪ್ರಶ್ನೆ ಕೇಳುತ್ತಾನೆ. ಮುಂದೆ ಬಿತ್ತೆಂದರೆ ಯಾವ ಮಗನೂ ಪ್ರಶ್ನೆ ಕೇಳುವುದಿಲ್ಲ.

"ಎಲ್ಲಿ ಬಿತ್ತೋ?"

"ಮುಂದೆ ಧಣಿ, ಬಹಳ ಮುಂದೆ."

ವ್ಯಾಪಾರಿ ಉಬ್ಬಿಹೋದ. ಅವನಿಗೂ ನೂರು ಗಜದ ಆಚೆ ಚೆಂಡು ಕಾಣುತ್ತಿರಲಿಲ್ಲ. ಜೊತೆಗಾರರೂ ಮುದುಕರೇ, ಅವರಿಗೂ ಕಾಣುತ್ತಿರಲಿಲ್ಲ. ನಿಜವಾದ ಚೆಂಡು ನೂರೈವತ್ತು ಗಜದಲ್ಲಿ ಹುಲ್ಲಿನೊಳಗೆ ಬಿದ್ದಿರುತ್ತಿತ್ತು. ಅದನ್ನು ದಾಟಿಕೊಂಡೇ ಎಲ್ಲರೂ ನಡೆದು ಹೋಗುತ್ತಿದ್ದರು. ಮುಂದೆ ಇದೆ ಎಂದಮೇಲೆ ಕಾಲಬುಡ ನೋಡುವವರು ಯಾರು?

ಕಾಣದ ಆಗೆವಾಲ ಕಿವಿಯನ್ನು ನಂಬಿಕೊಂಡ. ಚೆಂಡು ನೆಲಕ್ಕೆ ಬಡಿದ ಸದ್ದು ಕೇಳಿದ ಮೇಲೆಯೇ ಜೇಬಿನದನ್ನು ಬಿಡಬೇಕಲ್ಲ. ಅಂಚಿನಲ್ಲಿ ನಿಂತರೆ ಸದ್ದು ಸರಿಯಾಗಿ ಕೇಳಿಸದು. ಹಾಗಾಗಿ ಮೈದಾನದ ನಡುಮಧ್ಯಕ್ಕೆ ಬಂದು, ನೂರೆಪ್ಪತ್ತು ಗಜದಲ್ಲಿ ನಿಲ್ಲತೊಡಗಿದ. ಸದ್ದು ಕೇಳಿದ ಮೇಲೆ ಇನ್ನೂರರವರೆಗೆ ನಡೆದು ಜೇಬಿನದನ್ನು ಬಿಡುತ್ತಿದ್ದ. ಧಣಿಯ ಚೆಂಡು ಅಲ್ಲಿಗೆ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಧಣಿಯ ತೋಳಿನ ನಿಜವಾದ ಬಲ ಗೊತ್ತಿದ್ದವನು ಅವನೊಬ್ಬನೇ. ವ್ಯಾಪಾರಿಗೂ ಅವನು ನಡುವೆ ನಿಂತದ್ದು ಮಸುಕಾಗಿ ಕಾಣುತ್ತಿತ್ತು. ಆದರೆ ತನ್ನ ಚೆಂಡು ದಿನವೂ ಅವನ ತಲೆಯ ಮೇಲಿಂದ ಹಾರಿಹೋಗುತ್ತದೆ ಎಂದು ಅವನು ನಂಬಿದ್ದ.

ಇನ್ನೂರು ಗಜದ ರುಚಿ ಹತ್ತಿದವನಿಗೆ ಇನ್ನೂರೈವತ್ತು ಬೇಕಾಯಿತು. ಒಬ್ಬ ಮಾಸ್ತರನನ್ನು ಹುಡುಕಿಕೊಂಡು ಹೋದ. ಆ ಮಾಸ್ತರ ನಾನೇ. ಹಾಗೆ ನೋಡಬೇಡ, ಕತೆ ಕೇಳು.

ಮೈದಾನದ ಪಕ್ಕದ ಅಭ್ಯಾಸದ ಜಾಗದಲ್ಲಿ ನನ್ನೆದುರು ಹೊಡೆದಾಗ ಚೆಂಡು ನೂರೈವತ್ತಕ್ಕೇ ಬಿತ್ತು. "ಇಲ್ಲಿ ಗಾಳಿ ಎದುರು. ಅಲ್ಲಿ ಇನ್ನೂರು ದಾಟುತ್ತದೆ" ಎಂದ. ಗಾಳಿಯೇ? ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ. ಯಾರೋ ಚೆಂಡನ್ನು ಮುಂದೆ ಇಡುತ್ತಿದ್ದಾರೆ ಎಂದು ನನಗೆ ಆ ಗಳಿಗೆಯೇ ಗೊತ್ತಾಯಿತು. ನನಗೇಕೆ ಊರ ಉಸಾಬರಿ ಎಂದು ಸುಮ್ಮನಾದೆ.

ಪಾಠ ಮಾತ್ರ ಸರಿಯಾಗಿಯೇ ಹೇಳಿದೆ. ಹಿಡಿತ ಸಡಿಲಿಸು, ಭುಜ ಬಿಗಿಯಬೇಡ ಎಂದೆ. ಎಡ ಹಿಮ್ಮಡಿ ಮೇಲೇಳಲಿ, ಸೊಂಟ ಪೂರ್ತಿ ತಿರುಗಲಿ ಎಂದೆ. ಹಗುರವಾದ, ಬಳುಕುವ ಕೋಲು ಕೊಡಿಸಿದೆ. ಚೆಂಡನ್ನು ಗೂಟದ ಮೇಲೆ ಸ್ವಲ್ಪ ಎತ್ತರಕ್ಕೆ ಇಡಿಸಿದೆ. ಗುದ್ದಬೇಡ, ಬೀಸು ಎಂದೆ. ಹಠವಾದಿ, ನಾಲ್ಕು ತಿಂಗಳು ಬಿಡದೆ ಅಭ್ಯಾಸ ಮಾಡಿದ. ಒಂದು ದಿನ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಕೂಡಿಬಂತು. ಸೊಂಟ ತಿರುಗಿತು, ಕೋಲು ಬೀಸಿತು. ಚೆಂಡು ಮೊದಲ ಸಲ ನಿಜವಾಗಿ ನೂರೈವತ್ತನ್ನು ದಾಟಿತು.

ಆಗೆವಾಲ ಕಿವಿಗೊಟ್ಟು ನಿಂತಿದ್ದ. ನೆಲದ ಸದ್ದು ಬರಲಿಲ್ಲ. ಚೆಂಡು ನೇರ ಅವನ ಕಣತಲೆಗೆ ಬಡಿಯಿತು.

ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಎತ್ತುವಾಗ ಅವನ ಜೇಬಿನಿಂದ ನಾಲ್ಕು ಚೆಂಡು ಉರುಳಿದವು. ನಾಲ್ಕರ ಮೇಲೂ ನೀಲಿ ಚುಕ್ಕೆ. ಕೂಗು ಕೇಳಿ ಓಡಿಬಂದಿದ್ದ ನಮಗೆಲ್ಲ ಅರ್ಥವಾಯಿತು. ನನಗಂತೂ ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. ನಾನು ಅಂದೇ ಒಂದು ಮಾತು ಬಾಯಿಬಿಟ್ಟಿದ್ದರೆ ಆ ಮನುಷ್ಯ ಕೆಲಸ ಕಳೆದುಕೊಂಡಾದರೂ ಬದುಕಿರುತ್ತಿದ್ದ. ವ್ಯಾಪಾರಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಅವನು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಮಾಸ್ತರೇ, ಇವನಿಗೆ ತಗುಲದೆ ಇದ್ದಿದ್ದರೆ ಎಷ್ಟು ದೂರ ಹೋಗುತ್ತಿತ್ತು?"

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಯಿತು. "ಛೀ! ಎಂಥ ಕಲ್ಲೆದೆಯವನು! ಇಪ್ಪತ್ತು ವರ್ಷ ತನಗಾಗಿ ಬಿಸಿಲಲ್ಲಿ ನಿಂತವನನ್ನು ಒಂದು ಸಲವಾದರೂ ಕಣ್ಣೆತ್ತಿ ನೋಡಬಾರದಿತ್ತೇ? ಆ ವ್ಯಾಪಾರಿಯೂ ಒಬ್ಬ ಮನುಷ್ಯನೇ?" ಎಂದ.

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ನಿನ್ನ ಚೆಂಡು ಹುಡುಕಿಕೊಟ್ಟನಲ್ಲ, ಅವನ ಹೆಸರೇನು?"

ಶಿಷ್ಯ ತಲೆ ತಗ್ಗಿಸಿದ.