ಉಳಿ ಕಂಡ ಗೊಂಬಿ

ಏ ನೀಲವ್ವ, ನನ್ನ ಕೂಸ, ಇದು ಖರೇನ ನಡದದ್ದು, ನಮ್ಮವ್ವನಾಣಿ. ಸುಳ್ಳಾದ್ರ ಈ ಮೀಸಿ ಬೋಳಿಸಿ ನಿನ್ನ ಕೈಯಾಗ ಕೊಡತೇನಿ.

ಒಂದಾನೊಂದು ಕಾಲದಾಗ ನಮ್ಮ ಮುತ್ಯಾನ ಅಣ್ಣ ಹುಚ್ಚೀರಪ್ಪ ಅಂತ ಇದ್ನಂತ, ಕಟಗಿ ಗೊಂಬಿ ಮಾಡಾಂವ. ಅವನಂಥಾ ಕೈ ಹತ್ತೂರಾಗ ಇರಲಿಲ್ಲ. ಅದ ಕೈ ಈಗ ನಂದು, ಅದಿರಲಿ. ಗೊಂಬಿಗೆ ಕಣ್ಣು ಬರಿಯೋದು ಕಟ್ಟಕಡೀಕ. ಅದಕ್ಕೂ ಮೊದಲ ಉಳಿ, ಕೊಡತಿ ಎಲ್ಲಾ ಮುಚ್ಚಿಟ್ಟು, ಮನಿ ಹೆಣಮಗಳ ಕೈಯಾಗ ಹಾಲಿನ ಬಟ್ಟಲಾ ಕೊಟ್ಟು ಎದುರಿಗೆ ಕುಂಡರಸಬೇಕು. ಕಣ್ಣು ತೆರದ ಕೂಡ್ಲೆ ಏನು ಕಾಣತೈತೋ ಗೊಂಬಿಗೆ ಅದರ ಗುಣಾನ ಬರತೈತಂತ.

ಹುಚ್ಚೀರಪ್ಪಗ ಮಕ್ಕಳಿರಲಿಲ್ಲ. ಬ್ರಹ್ಮ ಕೊಡದಿದ್ರ ಬಿಡ್ಲಿ, ನಾನ ಮಾಡತೇನಿ ಅಂತ ಒಂದು ಗಂಡು ಕೂಸಿನ ಗೊಂಬಿ ಕೆತ್ತಿದ್ನಂತ. ಹೆಂಡ್ತಿ ದುರಗವ್ವ ನೀರಿಗೆ ಹೋಗಿದ್ಲು, ಇಂವಗ ತಡಕೊಳ್ಳಾಕ ಆಗಲಿಲ್ಲ, ಎರಡೂ ಕಣ್ಣು ಬರದ ಬಿಟ್ಟ. ಗೊಂಬಿ ಪಿಳಿಪಿಳಿ ಕಣ್ಣು ಬಿಡ್ತಂತ. ಎದುರಿಗೆ ಏನಿತ್ತು ಹೇಳು? ಉಳಿ!

ಆಮ್ಯಾಲೆ ಮೊದಲನೇ ದಿನ ಗೊಂಬಿ ಉಳಿ ಹಿಡದು ಒಂದು ಒನಕಿ ಕೆತ್ತಿ ಹಾಕ್ತಂತ, ಹುಚ್ಚೀರಪ್ಪ ಭಲೆ ಮಗನ ಅಂತ ಬೆನ್ನು ಚಪ್ಪರಿಸಿದ. ಎರಡನೇ ದಿನ ಆಡಿನ ಕೋಡಿಗೆ ಉಳಿ ಹಚ್ಚಿ ರಕ್ತ ಸುರಿಸ್ತು. ಆಡು ಚೀರಿದ್ರ ಅಲುಗಾಡಬ್ಯಾಡ, ನಿನ್ನ ನೆಟ್ಟಗ ಮಾಡಾಕತ್ತೇನಿ ಅಂತಂತ. ಮೂರನೇ ದಿನ ದುರಗವ್ವ ರೊಟ್ಟಿ ಬಡ್ಯಾಕ ಕುಂತಿದ್ಲು, ಹಿಂದಿನಿಂದ ಒಂದು ತಣ್ಣನ್ನ ಕೈ ಬಂದು ಗದ್ದಾ ಹಿಡೀತು. ಅವ್ವ, ನಿನ್ನ ಮೂಗು ಸೊಟ್ಟ ಐತಿ, ಒಂದೀಟು ಕೆತ್ತಲಿ?

ಯಾಕ, ಹತ್ರ ಸರದಿ? ಇನ್ನೂ ಐತಿ ತಡಿ.

ಹುಚ್ಚೀರಪ್ಪ ಓಡಿ ಬಂದು ಗೊಂಬಿ ತಲಿ ಒಡ್ಯಾಕ ಕೊಡತಿ ಎತ್ತಿದ್ನಂತ. ಗೊಂಬಿ ನಡಗಿಕೋತ, ಅಪ್ಪಾ, ನೀ ನನ್ನ ಕೆತ್ತಿದಿ, ನಾ ಕೆತ್ತಿದ್ರ ತಪ್ಪೇನು ಅಂತು. ಕೊಡತಿ ಇಳಸ್ರಿ, ಹುಟ್ಟಸಾಕೂ ಅವಸರ, ಕೊಲ್ಲಾಕೂ ಅವಸರ ಏನು ನಿಮಗ, ಅಂತ ದುರಗವ್ವ ಬೈದು, ಗೊಂಬೀನ ತೊಡಿ ಮ್ಯಾಲೆ ಹಾಕ್ಕೊಂಡು ಹಸಿ ಅರಬಿಲೆ ಕಣ್ಣಿನ ಬಣ್ಣ ಒರಸಿದ್ಲಂತ. ಅವ್ವ, ಕತ್ತಲಿ ಆಗಾಕತ್ತೈತಿ ಅಂತಂತ. ಇಲ್ಲೇ ಅದೇನಿ, ಮಕ್ಕೋ ನನ್ನಪ್ಪ ಅಂದ್ಲು. ಮಕ್ಕೊಂತು.

ಆಮ್ಯಾಲೆ ಆಡಿನ ಗಾಯ ಮಾದು ಎರಡು ಮರಿ ಹಾಕ್ತು, ಗಂಡ ಹೆಂಡ್ತಿ ಗೊಂಬೀನ ತೊಟ್ಟಲದಾಗ ಇಟ್ಕೊಂಡು ಸುಖದಿಂದ ಇದ್ರಂತ.

ನಮ್ಮ ಅಟ್ಟದ ಮ್ಯಾಲೆ ಕಣ್ಣಿಲ್ಲದ ಗೊಂಬಿ ಐತಲ್ಲ, ಅದ ಇದು. ಹ್ವಾದ ವರ್ಷ ಒಬ್ಬ ಸಾವಕಾರ ರೊಕ್ಕ ಎಣಿಸಿ ಮುಂದಿಟ್ಟು, ಕಣ್ಣು ಬರದು ಕೊಡು ಅಂದ. ಹುಲಿಗೂ ಅಂಜದ ಗಂಡಸು ನಾನು, ಕುಂಚ ಹಿಡದೆ, ಮತ್ತ ಕೆಳಗಿಟ್ಟೆ. ದಿನಾ ಇದರ ಮುಂದ ಕುಂಡರೋರು ಯಾರದಾರ ನಿಮ್ಮ ಮನ್ಯಾಗ ಅಂತ ಕೇಳಿದೆ. ಯಾರರ ಯಾಕ ಬೇಕು, ಅಂಗಡ್ಯಾಗ ಗಾಜಿನ ಪೆಟಗ್ಯಾಗ ಇಡತೇನಿ ಅಂದ. ನಡಿ ಹೊರಗ ಅಂದೆ.

ಕತಿ ತೊಟ್ಟಲಕ್ಕ, ನೀ ಹಾಸಗಿಗೆ. ನನಗ ಹ್ವಾದದ್ದು ಸಾವಕಾರ ಎಣಿಸಿಟ್ಟ ನಾಕು ಸಾವಿರದ ಮುನ್ನೂರಾ ಐವತ್ತು ರೂಪಾಯಿ.