ಶೇಷಣ್ಣನ ಉಗುರುಸುತ್ತು

ಹೊನ್ನಕೆರೆಯಲ್ಲಿ ಶೇಷಣ್ಣ ಎಂಬ ಅಡುಗೆಯವನಿದ್ದ. ಅವನ ಒಬ್ಬಟ್ಟು ತಿಂದವರು ಬೇರೆಯವರ ಒಬ್ಬಟ್ಟನ್ನು ಹೊಗಳಲು ಹಿಂದೆ ಮುಂದೆ ನೋಡುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅವನು ಬಡಿಸಿದ ಎಲೆಯ ಮೇಲೆ ಒಂದು ಚೂರು ಒಬ್ಬಟ್ಟು ಉಳಿದದ್ದನ್ನು ಯಾರೂ ಕಂಡಿರಲಿಲ್ಲ.

ಗುಟ್ಟು ಇದ್ದದ್ದು ಹೂರಣದಲ್ಲಿ. ಹಿಂದಿನ ಸಂಜೆಯೇ ಬೇಳೆ ಬೆಲ್ಲ ಬೇಯಿಸಿ, ರುಬ್ಬಿಸಿ, ತಾನೇ ಕೈಯಾರೆ ನಾದಿ ಉಂಡೆ ಕಟ್ಟುತ್ತಿದ್ದ. ಉಂಡೆಗಳನ್ನು ದೊಡ್ಡ ಪಾತ್ರೆಗೆ ತುಂಬಿ, ಒದ್ದೆ ಬಟ್ಟೆ ಮುಚ್ಚಿ, ಆರುತ್ತಿರುವ ಒಲೆಯ ಪಕ್ಕದಲ್ಲಿ ಇಡುತ್ತಿದ್ದ. ರಾತ್ರಿಯೆಲ್ಲ ಬೆಚ್ಚಗಿದ್ದ ಹೂರಣ ಬೆಳಿಗ್ಗೆ ಬೆಣ್ಣೆಯಂತೆ ಮೆತ್ತಗಿರುತ್ತಿತ್ತು. ತಟ್ಟುವಾಗ ಕಣಕ ಹರಿಯುತ್ತಿರಲಿಲ್ಲ.

ಅವನಿಗೆ ಒಂದು ನಂಬಿಕೆಯೂ ಇತ್ತು. ಬೆಂಕಿ ತಾಗಿದ ಮೇಲೆ ಯಾವ ಪದಾರ್ಥದಲ್ಲೂ ದೋಷ ಉಳಿಯುವುದಿಲ್ಲ ಎಂದು. ಸಾರು ಹಳಸಿತೆಂದರೆ ಇನ್ನೊಂದು ಕುದಿ ಕುದಿಸು ಎನ್ನುವನು. ಕಡಲೆಕಾಯಿ ಬೀಜಕ್ಕೆ ಬೂಷ್ಟು ಬಂದಿದೆ ಎಂದರೆ ಒರೆಸಿ ಹುರಿ ಎನ್ನುವನು.

ಅವನ ಜೊತೆ ಕಾವೇರಮ್ಮ ಕೆಲಸ ಮಾಡುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು.

"ಹಾಗಿದ್ದರೆ ನಿಮ್ಮ ಚಪ್ಪಲಿಯನ್ನೂ ಒಂದು ಕುದಿ ಕುದಿಸಿ ಬಡಿಸೋಣ ಬಿಡಿ ಶೇಷಣ್ಣ," ಎನ್ನುತ್ತಿದ್ದಳು.

"ಒಗ್ಗರಣೆ ಬಿದ್ದರೆ ಅದೂ ಚೆನ್ನಾಗಿರುತ್ತೆ ಕಣಮ್ಮ," ಎಂದು ಶೇಷಣ್ಣ ನಗುತ್ತಿದ್ದ.

ಒಮ್ಮೆ ಗಿರಿಯಪ್ಪನವರ ಮನೆಯಲ್ಲಿ ಮೊಮ್ಮಗಳ ಮಗುವಿಗೆ ನಾಮಕರಣ. ಮುನ್ನೂರು ಎಲೆಯ ಊಟ. ಗಿರಿಯಪ್ಪನವರ ತಾಯಿ ಗೌರಜ್ಜಿಗೆ ಆಗ ತೊಂಬತ್ತೆರಡು ವರ್ಷ, ಬಾಯಲ್ಲಿ ಒಂದು ಹಲ್ಲಿಲ್ಲ. ಆಕೆ ಶೇಷಣ್ಣನನ್ನು ಹತ್ತಿರ ಕರೆದು ಹೇಳಿದ್ದಳು: "ಒಬ್ಬಟ್ಟು ನನ್ನ ಬಾಯಲ್ಲೂ ಕರಗಬೇಕು ಕಣೋ ಶೇಷಾ. ಇನ್ನೆಷ್ಟು ಒಬ್ಬಟ್ಟು ಬರೆದಿದೆಯೋ ನನಗೆ!"

ಆ ಹೊತ್ತಿಗೇ ಶೇಷಣ್ಣನ ಬಲಗೈ ತೋರುಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಊದಿ, ಉಗುರಿನ ಬುಡದಲ್ಲಿ ಕೀವು ಕಟ್ಟಿಕೊಂಡು ಹಳದಿಯಾಯಿತು. ಕಾವೇರಮ್ಮ ಒಂದು ನಿಂಬೆಹಣ್ಣಿಗೆ ತೂತು ಕೊರೆದು ತಂದಳು.

"ಇದಕ್ಕೆ ಬೆರಳು ಸಿಕ್ಕಿಸಿಕೊಂಡು ಎರಡು ದಿನ ಕೂತಿರಿ. ಹೂರಣ ನಾನು ನಾದುತ್ತೇನೆ."

"ನಿಂಬೆಹಣ್ಣು ಲಾರಿಗೆ ಕಟ್ಟುತ್ತಾರೆ, ಅಡುಗೆಯವನ ಬೆರಳಿಗಲ್ಲ," ಎಂದು ಶೇಷಣ್ಣ ಅದನ್ನು ಕತ್ತರಿಸಿ ಪಾನಕಕ್ಕೆ ಹಿಂಡಿದ. "ನನ್ನ ಕೈ ತಾಗದಿದ್ದರೆ ಅದು ನನ್ನ ಒಬ್ಬಟ್ಟು ಹೇಗಾದೀತು?"

ನಾಮಕರಣದ ಹಿಂದಿನ ಸಂಜೆ ಎಂದಿನಂತೆ ಹೂರಣ ನಾದಿದ, ಉಂಡೆ ಕಟ್ಟಿದ, ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟ.

ಬೆಳಿಗ್ಗೆ ಕಾವೇರಮ್ಮ ಅವನ ಹೆಗಲ ಮೇಲಿನ ಟವೆಲ್ ನೋಡಿದಳು. ಅದರ ತುದಿಯಲ್ಲಿ ಹಳದಿ ಕಲೆ.

"ಇದೇನು ಶೇಷಣ್ಣ?"

"ಉಗುರುಸುತ್ತು ಒಡೀತು. ಒಳ್ಳೇದೇ ಆಯ್ತು, ನೋವು ಪೂರಾ ಇಳೀತು."

"ಯಾವಾಗ ಒಡೆದಿದ್ದು?"

"ನಿನ್ನೆ, ಹೂರಣ ನಾದುವಾಗ."

ಕಾವೇರಮ್ಮ ಪಾತ್ರೆಯ ಬಟ್ಟೆ ಸರಿಸಿದಳು. ಏಲಕ್ಕಿಯ ಘಮ. ಬಣ್ಣ ಕೆಟ್ಟಿರಲಿಲ್ಲ, ಹುಳಿ ವಾಸನೆಯಿರಲಿಲ್ಲ. ಆದರೂ ಅವಳ ಮನಸ್ಸು ಒಪ್ಪಲಿಲ್ಲ.

"ಇದನ್ನು ಚೆಲ್ಲಿಬಿಡಿ. ಇನ್ನೂ ಹೊತ್ತಿದೆ, ಬೇರೆ ಮಾಡೋಣ."

"ಮುನ್ನೂರು ಎಲೆಯ ಹೂರಣ ಚೆಲ್ಲಬೇಕೇ? ಕಾದ ಕಾವಲಿಯ ಮೇಲೆ ಎರಡೂ ಮಗ್ಗುಲು ಬೇಯುತ್ತದಲ್ಲ, ಅಲ್ಲಿ ಯಾವ ಹುಳ ಬದುಕುತ್ತೆ ಹೇಳು?"

"ಅಷ್ಟು ಧೈರ್ಯವಿದ್ದರೆ ಮೊದಲು ನೀವೇ ತಿನ್ನಿ."

ಶೇಷಣ್ಣನಿಗೊಂದು ನಿಯಮವಿತ್ತು. ಕೊನೆಯ ಪಂಕ್ತಿ ಏಳುವ ತನಕ ಕಾಫಿಯೊಂದನ್ನು ಬಿಟ್ಟು ಅವನು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಆ ದಿನ ಹಟಕ್ಕೆ ಬಿದ್ದು ನಿಯಮ ಮುರಿದ. ದೇವರಿಗೆಂದು ಒಂದಿಷ್ಟು ತೆಗೆದಿಟ್ಟು, ಬಿಸಿಬಿಸಿ ಒಬ್ಬಟ್ಟು ಮೂರನ್ನು ತುಪ್ಪ ಸುರಿದುಕೊಂಡು, ಅವಳ ಮುಂದೆಯೇ ಚಪ್ಪರಿಸಿ ತಿಂದ.

"ನೋಡಿದೆಯಾ? ನಾನು ಸತ್ತೆನಾ?"

"ಕಾಣೋಣ," ಎಂದಳು ಕಾವೇರಮ್ಮ.

ಆಗ ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಎಲ್ಲ ಒಬ್ಬಟ್ಟೂ ಬೆಂದು ಬುಟ್ಟಿ ಸೇರಿದವು. ಹನ್ನೆರಡರ ಹೊತ್ತಿಗೆ ಶೇಷಣ್ಣನಿಗೆ ಬಾಯಲ್ಲಿ ನೀರೂರತೊಡಗಿತು. ಹಸಿವಿನ ನೀರಲ್ಲ. ಹೊಟ್ಟೆಯೊಳಗೆ ಯಾರೋ ಕಡಗೋಲು ಹಾಕಿ ಕಡೆದಂತಾಯಿತು. ಯಾರಿಗೂ ಹೇಳದೆ ಹಿತ್ತಲಿಗೆ ಓಡಿ, ಬಾಳೆಗಿಡದ ಬುಡದಲ್ಲಿ ಕೂತು ಎಲ್ಲವನ್ನೂ ಕಾರಿಕೊಂಡ. ಸುಧಾರಿಸಿಕೊಳ್ಳುವುದರೊಳಗೆ ಮತ್ತೊಮ್ಮೆ ಆಯಿತು.

'ಬಿಸಿಲಿರಬೇಕು,' ಎಂದುಕೊಂಡ. ಆದರೆ ಬೆಳಗಿನಿಂದ ಅವನು ಬಿಸಿಲಿಗೇ ಹೋಗಿರಲಿಲ್ಲ. ಕಾಫಿಯೇ ಎಂದುಕೊಂಡ. ಅದೇ ಕಾಫಿಯನ್ನು ಕಾವೇರಮ್ಮ ಎರಡು ಲೋಟ ಕುಡಿದು ಗುಂಡುಕಲ್ಲಿನಂತೆ ಓಡಾಡುತ್ತಿದ್ದಳು. ಉಳಿದದ್ದು ಮೂರು ಒಬ್ಬಟ್ಟು.

ಅಷ್ಟರಲ್ಲಿ ಒಳಗೆ ಎಲೆ ಹಾಕುವ ಸದ್ದು ಕೇಳಿಸಿತು. ಶೇಷಣ್ಣ ಗೋಡೆಗೆ ಒರಗಿ ಕೂತ. ತಾನು ಕಾರಿದ್ದನ್ನು ಯಾರೂ ನೋಡಿಲ್ಲ. ಜನ ಉಂಡು ಮನೆಗೆ ಹೋಗುತ್ತಾರೆ. ಕಾಯಿಲೆ ಬೀಳುವ ಹೊತ್ತಿಗೆ ಒಬ್ಬರು ಬಾವಿಯ ನೀರನ್ನು ಬಯ್ಯುತ್ತಾರೆ, ಇನ್ನೊಬ್ಬರು ಮಜ್ಜಿಗೆಯನ್ನು. ಶೇಷಣ್ಣನ ಒಬ್ಬಟ್ಟಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಈಗ ಬಾಯಿಬಿಟ್ಟರೆ ಮೂವತ್ತು ವರ್ಷದ ಹೆಸರು ಮೂರು ನಿಮಿಷದಲ್ಲಿ ಹೋಗುತ್ತದೆ.

ಆಗ ಒಳಗಿನಿಂದ ಗೌರಜ್ಜಿಯ ದನಿ ಬಂತು. "ಪಾಯಸ ಇರಲಿ ಬಿಡ್ರೇ, ನನ್ನ ಶೇಷನ ಒಬ್ಬಟ್ಟು ಎಲ್ಲಿ? ಮೊದಲು ಅದನ್ನು ಹಾಕಿ."

ತನ್ನಂಥ ಗಟ್ಟಿ ಆಳನ್ನೇ ಬಾಳೆಗಿಡದ ಬುಡಕ್ಕೆ ಕೆಡವಿದ್ದು ಆ ಮುದುಕಿಯನ್ನು ಬಿಟ್ಟೀತೇ? ಶೇಷಣ್ಣ ಎದ್ದ. ಹೊಟ್ಟೆ ಹಿಡಿದುಕೊಂಡೇ ಊಟದ ಹಜಾರಕ್ಕೆ ಓಡಿದ. ಅಜ್ಜಿ ತುಪ್ಪದಲ್ಲಿ ನೆನೆದ ತುಂಡೊಂದನ್ನು ಮುರಿದು ಬಾಯಿಯ ಹತ್ತಿರ ತಂದಿದ್ದಳು.

"ಅಜ್ಜೀ! ಕೈ ಕೆಳಗಿಡಿ! ಯಾರೂ ಒಬ್ಬಟ್ಟು ಮುಟ್ಟಬೇಡಿ!"

ಪಂಕ್ತಿಯೆಲ್ಲ ಅವನತ್ತ ತಿರುಗಿತು. ಅಜ್ಜಿಯ ಕೈ ಅಲ್ಲೇ ನಿಂತಿತು.

"ತಪ್ಪು ನನ್ನದು," ಎಂದ ಶೇಷಣ್ಣ. ಬೆರಳೆತ್ತಿ ಎಲ್ಲರಿಗೂ ತೋರಿಸಿದ. "ಈ ಬೆರಳಲ್ಲೇ ಹೂರಣ ನಾದಿದೆ. ಬೆಳಿಗ್ಗೆ ಮೂರು ತಿಂದೆ. ಈಗ ಹಿತ್ತಲಲ್ಲಿ ಎಲ್ಲ ಕಾರಿಕೊಂಡು ಬಂದೆ."

ಗಿರಿಯಪ್ಪನವರು ತಲೆಯ ಮೇಲೆ ಕೈ ಹೊತ್ತರು. "ಅಲ್ಲಯ್ಯಾ, ಮನೆಮನೆಗೆ ಹೋಗಿ ಒಬ್ಬಟ್ಟಿನ ಊಟ ಅಂತ ಕರೆದು ಬಂದಿದ್ದೀನಲ್ಲಯ್ಯಾ! ಈಗ ಏನು ಬಡಿಸಲಿ?"

"ಏಯ್ ಗಿರಿಯಾ, ಸುಮ್ಮನಿರು," ಎಂದಳು ಅಜ್ಜಿ, ತುಂಡನ್ನು ಎಲೆಯ ತುದಿಗೆ ಸರಿಸುತ್ತ. "ತೊಂಬತ್ತೆರಡು ವರ್ಷ ಕಾದಿದ್ದೀನಿ, ಇನ್ನರ್ಧ ಗಂಟೆ ಕಾಯಲಾರೆನೇ? ಹೋಗೋ ಶೇಷಾ, ಬೇರೆ ಏನಾದರೂ ಮಾಡು."

"ಅವರಲ್ಲ, ನಾನು," ಎಂದಳು ಕಾವೇರಮ್ಮ. ಅವಳು ಆಗಲೇ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಾಣಲೆಗೆ ರವೆ ಸುರಿದಾಗಿತ್ತು. ಅರ್ಧ ಗಂಟೆಯಲ್ಲಿ ಕೇಸರಿಬಾತು ಹೊಗೆಯಾಡುತ್ತ ಎಲೆಗೆ ಬಂತು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ಅಜ್ಜಿಗೆ ಅದು ಒಬ್ಬಟ್ಟಿಗಿಂತಲೂ ಸಲೀಸಾಗಿ ಇಳಿಯಿತು. ಒಬ್ಬಟ್ಟುಗಳನ್ನು ದನ ನಾಯಿಗಳೂ ಮುಟ್ಟದಂತೆ ಗುಂಡಿ ತೋಡಿ ಮುಚ್ಚಿದರು.

ಮಗುವಿನ ಸೋದರತ್ತೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಅವರು ಶೇಷಣ್ಣನಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ಕೂತರು.

"ಒಂದು ಮಾತು ನನಗೆ ತಿಳಿಯಲಿಲ್ಲ ತಾಯಿ," ಎಂದ ಶೇಷಣ್ಣ. "ಕಾವಲಿಯ ಬಿಸಿಗೆ ಹುಳ ಸಾಯಲಿಲ್ಲವೇ?"

"ಸತ್ತಿತು. ಶೇಷಣ್ಣ, ನಿಮಗೆ ಎಂದಾದರೂ ಚೇಳು ಕುಟುಕಿದೆಯೇ?"

"ಕುಟುಕಿದೆ."

"ಆಗ ಚೇಳನ್ನು ಏನು ಮಾಡಿದಿರಿ?"

"ಒಲೆಗೆ ಹಾಕಿ ಸುಟ್ಟೆ."

"ಉರಿ ಇಳಿಯಿತೇ?"

"ಎಲ್ಲಿಂದ ತಾಯಿ, ರಾತ್ರಿಯೆಲ್ಲ ಉರಿಯಿತು."

"ಇದೂ ಹಾಗೆಯೇ," ಎಂದರು ಡಾಕ್ಟರು. "ನಿಮ್ಮ ಕೀವಿನಲ್ಲಿದ್ದ ಕಣ್ಣಿಗೆ ಕಾಣದ ಜೀವಿಗಳು ಹೂರಣ ಸೇರಿದವು. ಬೆಚ್ಚಗೆ ಮುಚ್ಚಿಟ್ಟಿರಿ, ರಾತ್ರಿಯೆಲ್ಲ ಬೆಳೆದು ವಿಷ ಬಿಟ್ಟವು. ಬೆಳಿಗ್ಗೆ ನೀವು ಸುಟ್ಟದ್ದು ಅವನ್ನು ಮಾತ್ರ. ವಿಷ ಸಾಯಲಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯೂ ಇಲ್ಲ. ಬೂಷ್ಟಿನ ವಿಷವೂ ಇಂಥದೇ. ಒರೆಸಿದರೂ ಹುರಿದರೂ ಪೂರಾ ಹೋಗುವುದಿಲ್ಲ. ಅದು ಇವತ್ತೇ ವಾಂತಿ ಮಾಡಿಸಲಿಕ್ಕಿಲ್ಲ, ಸದ್ದಿಲ್ಲದೆ ವರ್ಷಗಟ್ಟಲೆ ಒಳಗೇ ಕೊರೆಯುತ್ತದೆ."

ಮರುದಿನ ಶೇಷಣ್ಣ ತನ್ನ ಮನೆಯಲ್ಲಿ ಬೂಷ್ಟು ಹಿಡಿದಿದ್ದ ಕಡಲೆಕಾಯಿ ಬೀಜವನ್ನೆಲ್ಲ ಗುಂಡಿಗೆ ಸುರಿದ. ಡಾಕ್ಟರು ಬೆರಳಿಗೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದ್ದರು. ಗಾಯ ಪೂರ್ತಿ ಮಾಯುವ ತನಕ ಅವನು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಬಿಳಿ ಬೆರಳೆತ್ತಿ ಹೊರಗಿನಿಂದಲೇ ಉಪ್ಪು ಖಾರ ಹೇಳುತ್ತಿದ್ದ.

"ಲಾರಿ ಕೆಟ್ಟು ನಿಂತಿದೆ, ದಾರಿ ಬಿಡ್ರಪ್ಪಾ," ಎಂದು ಕಾವೇರಮ್ಮ ಅವನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದಳು.

ಹೆಸರು ಹೋಯಿತು ಎಂದೇ ಶೇಷಣ್ಣ ತಿಳಿದಿದ್ದ. ವರ್ಷ ತುಂಬುವಷ್ಟರಲ್ಲಿ ಗೌರಜ್ಜಿಯಿಂದ ಕರೆ ಬಂತು. ಮಗುವಿನ ಹುಟ್ಟುಹಬ್ಬ, ಒಬ್ಬಟ್ಟು ಶೇಷನದೇ ಆಗಬೇಕು. ಉಣ್ಣಬೇಡಿ ಎಂದು ಎಲೆಯ ಮುಂದೆ ನಿಂತು ಹೇಳಿದವನು ಉಣ್ಣಿ ಎಂದರೆ ನಂಬಬಹುದು ಎಂದು ಅಜ್ಜಿ ಹೇಳಿಕಳಿಸಿದ್ದಳು.

ಶೇಷಣ್ಣ ಆ ದಿನ ಬೆಳಗಿನ ಜಾವವೇ ಬಂದ, ಹೂರಣವನ್ನು ಅಂದೇ ಮಾಡಿ ಅಂದೇ ಮುಗಿಸಲೆಂದು. ಒಳಗೆ ಹೋಗುವ ಮುನ್ನ ಅಜ್ಜಿಯ ಮುಂದೆ ಕೂತು ಎರಡೂ ಕೈ ಚಾಚಿದ. ಅಜ್ಜಿ ಮಂಜು ಕವಿದ ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಬೆರಳನ್ನು ಸವರಿ ನೋಡಿದಳು.

"ಹತ್ತೂ ಚೆನ್ನಾಗಿವೆ. ಹೋಗು, ಒಲೆ ಹಚ್ಚು."

ಹೊನ್ನಕೆರೆಯಲ್ಲಿ ಈಗಲೂ ಅಡುಗೆಯವರು ಮೊದಲು ಮನೆಯ ಹಿರಿಯರಿಗೆ ಕೈ ತೋರಿಸಿ, ಆಮೇಲೆ ಒಲೆ ಹಚ್ಚುತ್ತಾರೆ.

ನೀತಿ: ಬೆಂಕಿ ಕ್ರಿಮಿಯನ್ನು ಕೊಲ್ಲುತ್ತದೆ, ಅದು ಬಿಟ್ಟುಹೋದ ವಿಷವನ್ನೆಲ್ಲ ಸುಡಲಾರದು. ಅನ್ನದ ಶುದ್ಧಿ ಒಲೆಗಿಂತ ಮೊದಲು ಕೈಯಲ್ಲಿದೆ. ಅಲ್ಲಿ ತಪ್ಪಿದ್ದು ತಿಳಿದ ಕ್ಷಣವೇ ಬಾಯಿಬಿಟ್ಟು ಹೇಳುವವನ ಹೆಸರು ಕೆಡುವುದಿಲ್ಲ.